ಒಂದು ತೆಂಗಿಗೆ ಏಳು ಮೀ.

ಆ ಮನೆಯಲ್ಲಿ ಒಂಬತ್ತು ಜನರಿದ್ದರು ಮತ್ತು ಒಂಬತ್ತೂ ಜನ ಒಟ್ಟಿಗೇ ಮಾತಾಡುತ್ತಿದ್ದರು. ಅವರ ನಡುವೆ ದನಿ ಎತ್ತುವುದು ನನ್ನಿಂದಾಗುತ್ತಿರಲಿಲ್ಲ. ನಾನು ಎಲ್ಲವನ್ನೂ ಕಾಗದದ ಮೇಲೆ ಬರೆದು ಕೊಡಲು ನಿಜವಾದ ಕಾರಣ ಇದು. ನಮ್ಮ ನರ್ಸರಿಯ ಮಾಲೀಕರಿಗೆ ಹೇಳಿದ ಕಾರಣ ಬೇರೆ. ತೋಟದ ನಕ್ಷೆ ಸ್ಪಷ್ಟವಾಗಿದ್ದರೆ ಯಾರೂ ಯಾರನ್ನೂ ಏನೂ ಕೇಳಬೇಕಾಗುವುದಿಲ್ಲ, ಕೆಲಸ ತಾನಾಗಿ ಸಾಗುತ್ತದೆ ಎಂದಿದ್ದೆ.

ಎರಡು ಸಾವಿರದ ಐದನೆಯ ಇಸವಿ, ದೀಪಾವಳಿ ಮುಗಿದಿತ್ತು. ನಾನು ಅಂಕೋಲೆಯ ಒಂದು ನರ್ಸರಿಯಲ್ಲಿ ಮಾವಿನ ಕಸಿ ಕಟ್ಟುವ ಶೆಡ್ಡು ನೋಡಿಕೊಳ್ಳುತ್ತಿದ್ದೆ. ಮನೆಯಂಗಳಗಳಿಗೆ ತೋಟ ವಿನ್ಯಾಸ ಮಾಡಿಕೊಡುವ ಕೆಲಸವನ್ನೂ ನರ್ಸರಿ ಶುರುಮಾಡಬೇಕು, ಅದನ್ನು ನನಗೆ ಕೊಡಬೇಕು ಎಂಬುದು ನನ್ನ ಆಸೆ. ಓದಿದ್ದು ಅದನ್ನೇ. ಆರು ತಿಂಗಳಲ್ಲಿ ಮೂರು ಸಲ ಆ ವಿಷಯ ಚೀಟಿಯಲ್ಲಿ ಬರೆದು ಮಾಲೀಕರ ಮೇಜಿನ ಮೇಲೆ ಇಟ್ಟಿದ್ದೆ.

"ಗಿಡ ಎಲ್ಲಿ ನೆಡಬೇಕು ಅಂತ ಹೇಳ್ಲಿಕ್ಕೆ ಒಬ್ಬರು ಬೇಕಾ ತಂಗಿ?" ಎಂದಿದ್ದರು ಅವರು. "ಜಾಗ ಎಲ್ಲಿ ಅದೆ, ಅಲ್ಲಿ ನೆಡೂದು."

ಅಷ್ಟರಲ್ಲಿ ಕಾರವಾರದ ಬಂದರು ಇರುವ ಬೈತಖೋಲದಿಂದ ಒಬ್ಬರು ಬಂದು, ಹೊಸ ಮನೆ ಕಟ್ಟಿಸಿದ್ದೇವೆ, ಸುತ್ತ ತೋಟ ಮಾಡಿಕೊಡಿ ಎಂದರು. ಮಾಲೀಕರು ನನ್ನನ್ನು ಕರೆದು ಹೇಳಿದರು, "ಇದೊಂದು ಮನೆ ನೋಡ್ವ. ಚಲೋ ಆದ್ರೆ ಆ ಕೆಲಸ ನಿಂದೇ. ಆಗ್ಲಿಲ್ಲ ಅಂದ್ರೆ ಕಸಿ ಶೆಡ್ಡು ಇದ್ದೇ ಅದೆ. ಮತ್ತೆ ಚೀಟಿ ಬರೀಬೇಡ."

ಮನೆ ಬಂದರಿನ ಮೇಲಿನ ಏರಿನಲ್ಲಿತ್ತು. ಯಜಮಾನರು ತಾಂಡೇಲ, ಅಂದರೆ ಬೋಟಿನ ಚುಕ್ಕಾಣಿ ಹಿಡಿದು ನಡೆಸುವವರು. ಈಗ ಬೋಟುಗಳನ್ನು ಮಕ್ಕಳಿಗೆ ಬಿಟ್ಟು, ತಾವು ಜಗಲಿಯಲ್ಲಿ ಕೂತು, ಕೆಳಗೆ ದಕ್ಕೆಗೆ ಬರುವ ಪ್ರತಿಯೊಂದು ಬೋಟಿನ ತಪ್ಪು ಹೇಳುತ್ತಿದ್ದರು. ಅವರ ಹೆಂಡತಿ ಮೀನು ಹರಾಜಿನಲ್ಲಿ ಮೂವತ್ತು ವರ್ಷ ಕೂಗಿದ ದನಿಯವರು. ಅಡುಗೆಮನೆಯಿಂದ ಮಾತಾಡಿದರೂ ಗೇಟಿನ ಹೊರಗೆ ನಿಂತವರು ಉತ್ತರ ಕೊಡುತ್ತಿದ್ದರು. ಕೈಯಲ್ಲಿ ಕಾಗದ, ಸ್ಕೇಲು ಹಿಡಿದು ಹೋದ ನನ್ನನ್ನು ಇಬ್ಬರೂ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ ಅಕ್ಕೋರೆ ಎಂದು ಕರೆದರು.

ಮೊದಲ ದಿನ ಜಾಗ ಅಳೆದೆ. ಚಿರೆಕಲ್ಲಿನ ಗಟ್ಟಿ ನೆಲದ ಮೇಲೆ ಎರಡಡಿ ಕೆಂಪು ಮಣ್ಣು ತುಂಬಿಸಿದ್ದರು. ಪಶ್ಚಿಮಕ್ಕೆ ಸಮುದ್ರ. ಆ ಕಡೆಯಿಂದ ಬರುವ ಉಪ್ಪು ಗಾಳಿಗೆ ಎಳೆ ಎಲೆಗಳು ಅಂಚಿನಿಂದ ಸುಟ್ಟು ಹೋಗುತ್ತವೆ. ಹಾಗಾಗಿ ಅಲ್ಲಿ ಮೊದಲು ಕಣಗಿಲೆಯ ಸಾಲು ಬೇಕು, ಅದರ ಮರೆಯಲ್ಲಿ ಉಳಿದದ್ದು. ಬಾವಿಯ ನೀರಿನ ರುಚಿ ನೋಡಿದೆ. ಈಗ ಚೆನ್ನಾಗಿಯೇ ಇತ್ತು, ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ ಎಂದರು. ದಕ್ಷಿಣದ ಗೋಡೆಗುಂಟ ಮೂರು ತೆಂಗು ಬರುತ್ತವೆ ಎಂದು ಲೆಕ್ಕ ಹಾಕಿದೆ.

"ಅರ್ಗಾದಲ್ಲಿ ನೇವಿಯವರ ಬಂಗ್ಲೆ ಮುಂದೆ ಹುಲ್ಲು ಅದೆಯಲ್ಲ, ಚಾಪೆ ಹಾಸಿದ ಹಾಗೆ. ಅದು ಬೇಕು ನಮ್ಗೆ," ಎಂದರು ತಾಂಡೇಲರು.

"ನೇವಿಯವರ ಹುಲ್ಲು ಕಾಯ್ಲಿಕ್ಕೆ ಬಂದೂಕು ಹಿಡಿದವ ಇರ್ತಾನೆ. ನಿಮ್ಮ ಹುಲ್ಲು ದನಕ್ಕೆ ಒಂದು ಹೊತ್ತಿಗೆ ಆಗ್ತದೆ," ಎಂದರು ಹೆಂಡತಿ. "ಅಕ್ಕೋರೆ, ನಂಗೆ ಅಬ್ಬಲಿಗೆ ಹಾಕಿ. ಇವರ ಹುಲ್ಲು ತಲೆಗೆ ಮುಡಿಲಿಕ್ಕೆ ಬರೂದಿಲ್ಲ."

ಎರಡನ್ನೂ ಬರೆದುಕೊಂಡೆ.

ನಕ್ಷೆಗೆ ನಾಲ್ಕು ದಿನ ಹಿಡಿಯಿತು. ನೆಲದ ಒಂದು ಮೀಟರಿಗೆ ಕಾಗದದಲ್ಲಿ ಒಂದು ಸೆಂಟಿಮೀಟರ್. ಮನೆಯವರೇ ಓದಿಕೊಳ್ಳಲಿ ಎಂದು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಪ್ರತಿ ಗಿಡದ ಹೆಸರು, ಅದರ ಪಕ್ಕ ಗಿಡದಿಂದ ಗಿಡಕ್ಕೆ ಇರಬೇಕಾದ ಅಂತರ. ಮೀಟರ್ ಎಂಬ ಪದ ನಲವತ್ತಕ್ಕೂ ಹೆಚ್ಚು ಕಡೆ ಬರುತ್ತಿತ್ತು. ಪೂರ್ತಿ ಬರೆದರೆ ನಕ್ಷೆಯ ಅಂದ ಕೆಡುತ್ತದೆಂದು ಎಲ್ಲ ಕಡೆ 'ಮೀ.' ಎಂದು ಬರೆದೆ. ತೆಂಗು ೭ ಮೀ. ಕಣಗಿಲೆ ೧.೫ ಮೀ. ಅಬ್ಬಲಿಗೆ ೦.೩ ಮೀ. ಲಾನ್ ೭ ಮೀ. × ೩.೫ ಮೀ. ಮುಗಿದ ಮೇಲೆ ಗೋಡೆಗೆ ಒರಗಿಸಿ ದೂರದಿಂದ ನೋಡಿದೆ. ಕೇಳಲು ಏನೂ ಉಳಿದಿಲ್ಲ ಅನ್ನಿಸಿತು.

ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ, ಗಿಡಗಳನ್ನು ಇಳಿಸಿ, ನಕ್ಷೆಯನ್ನು ತಾಂಡೇಲರ ಕೈಗಿತ್ತು, ಹತ್ತು ದಿನ ಬಿಟ್ಟು ಬರುತ್ತೇನೆ ಎಂದು ಹೇಳಿ ಅಂಕೋಲೆಗೆ ಹಿಂತಿರುಗಿದೆ. ಗುಂಡಿ ತೋಡುವಾಗ ಎದುರಿಗಿರಬೇಕಿತ್ತು ಎಂದು ಈಗ ಯಾರಿಗೂ ಹೇಳಬಲ್ಲೆ. ಆಗ ನಕ್ಷೆ ಇದೆಯಲ್ಲ ಎಂದುಕೊಂಡೆ. ಮರುದಿನವೇ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂತು. ಸುಣ್ಣದ ಗುರುತುಗಳೆಲ್ಲ ಅಳಿಸಿ ಹೋದದ್ದು ನನಗೆ ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ ಕಾರವಾರದ ಬಸ್ಸು ಹತ್ತಿ ಬೈತಖೋಲದಲ್ಲಿ ಇಳಿದೆ. ಅಲ್ಲಿ ಮೀನಿನ ವಾಸನೆ ಹೊಸದಲ್ಲ. ಆದರೆ ಏರು ಹತ್ತಿದಂತೆ ಅದು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಮನೆಯ ಗೋಡೆಯ ಮೇಲೆ ಐದು ಬೆಕ್ಕುಗಳು ಸಾಲಾಗಿ ಕೂತಿದ್ದವು. ಮೇಲೆ ಹದ್ದು ಸುತ್ತುತ್ತಿತ್ತು. ತಾಂಡೇಲರು ಉದ್ದನೆಯ ಕೋಲು ಹಿಡಿದು ಅಂಗಳದ ನಡುವೆ ಕುರ್ಚಿ ಹಾಕಿಕೊಂಡಿದ್ದರು.

"ಬನ್ನಿ ಅಕ್ಕೋರೆ," ಎಂದರು. "ಎಲ್ಲ ನೀವು ಬರ್ದ ಹಾಗೇ ಆಗಿದೆ."

ನಾನು ಮೊದಲು ನೋಡಿದ್ದು ತೆಂಗು. ಏಳು ಮೀಟರಿಗೊಂದು ಇರಬೇಕಾದ ಮೂರು ಸಸಿಗಳು ಗೋಡೆಗೆ ಅಂಟಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಒಂದರ ಪಕ್ಕ ಒಂದು ನಿಂತಿದ್ದವು.

"ತಾಂಡೇಲರೆ, ತೆಂಗು ಮೂರೂ ಒಟ್ಟಿಗೇ ಇವೆಯಲ್ಲ?"

"ಒಟ್ಟಿಗೆ ಎಲ್ಲಿ? ನಡುವೆ ಎರಡೆರಡು ಹೆಜ್ಜೆ ಅದೆ."

"ನಕ್ಷೆಯಲ್ಲಿ ಏಳು ಎಂದು ಬರೆದಿದ್ದೆ."

"ಹೌದು. ಏಳೇ ಹಾಕಿದ್ದು. ಎಣಿಸಿ ಹಾಕಿದ್ದು. ಬೇಕಾದ್ರೆ ಇವಳನ್ನ ಕೇಳಿ."

"ಏನನ್ನು?"

"ಬಂಗಡೆ," ಎಂದರು ತಾಂಡೇಲರು.

ಅವರ ಹೆಂಡತಿ ಹೊರಗೆ ಬಂದು ವಿವರಿಸಿದರು. "ಯಾವ ಮೀನು ಅಂತ ನೀವು ಬರೀಲಿಲ್ಲ. ಅದೊಂದು ಬಿಟ್ಟು ಹೋಗಿತ್ತು. ಇಸ್ವಣದಂಥ ದುಬಾರಿ ಮೀನು ಏಳೇಳು ತೆಂಗಿನ ಬುಡಕ್ಕೆ ಹಾಕ್ಲಿಕ್ಕೆ ನಮ್ಗೇನು ತಲೆ ಕೆಟ್ಟಿಲ್ಲ. ತೆಂಗಿಗೆ ಬಂಗಡೆ, ಸಣ್ಣ ಗಿಡಕ್ಕೆಲ್ಲ ತಾರ್ಲೆ ಅಂತ ನಾವೇ ನಿಶ್ಚಯ ಮಾಡಿದ್ವಿ."

ಈ ಕರಾವಳಿಯಲ್ಲಿ ಇದರಲ್ಲಿ ವಿಚಿತ್ರವೇನಿಲ್ಲ. ತಾರ್ಲೆ ಹೆಚ್ಚು ಸಿಕ್ಕಿದ ವರ್ಷ ಬುಟ್ಟಿಗಟ್ಟಲೆ ತೆಂಗಿನ ಬುಡಕ್ಕೆ ಹೂಳುತ್ತಾರೆ, ಮರ ಚೆನ್ನಾಗಿಯೇ ಬರುತ್ತದೆ. ಗಿಡದ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ, ಅದರ ಮುಂದೆ 'ಮೀ.' ಎಂದಿದ್ದರೆ ಬೈತಖೋಲದಲ್ಲಿ ಅದಕ್ಕೆ ಇನ್ನೊಂದು ಅರ್ಥವಿಲ್ಲ. ಗಿಡ ಎಲ್ಲಿ ನೆಡಬೇಕೆಂಬುದಕ್ಕೆ ಅವರು ನಕ್ಷೆಯಲ್ಲಿ ಗಿಡಕ್ಕೊಂದರಂತೆ ನಾನು ಬಿಡಿಸಿದ ವೃತ್ತಗಳನ್ನು ನೋಡಿ, ಸುಮಾರಾಗಿ ಅದೇ ಸಾಲಿನಲ್ಲಿ ನೆಟ್ಟಿದ್ದರು.

"ಏಳು ಎಲ್ಲಿ ಸಾಕಾಗ್ತದೆ ಅಂತ ನಂಗೂ ಅನ್ನಿಸ್ತು," ಎಂದರು ತಾಂಡೇಲರು. "ಆದ್ರೆ ಕಲ್ತವರು ಬರ್ದದ್ದು, ಏನೋ ಲೆಕ್ಕ ಇರ್ತದೆ. ಕಷ್ಟ ಆದದ್ದು ಅಬ್ಬಲಿಗೆದು. ಸೊನ್ನೆ ಪಾಯಿಂಟ್ ಮೂರು. ಅಂದ್ರೆ ಒಂದು ತಾರ್ಲೆ ಮೂರು ಗಿಡಕ್ಕೆ. ತಲೆ ಒಂದಕ್ಕೆ, ನಡು ಒಂದಕ್ಕೆ, ಬಾಲ ಒಂದಕ್ಕೆ. ನಾನೇ ಕೂತು ಕೊಯ್ದೆ."

"ಬಾಲ ಸಿಕ್ಕಿದ ಗಿಡ ಸಣ್ಣದಾದ್ರೆ ಆಮೇಲೆ ನಮ್ಮನ್ನ ಕೇಳಬೇಡಿ," ಎಂದರು ಹೆಂಡತಿ.

"ಲಾನು?" ಎಂದೆ. ಕೇಳಬಾರದಿತ್ತು.

"ಏಳು ಗುಣಿಸು ಮೂರೂವರೆ. ಇಪ್ಪತ್ತನಾಲ್ಕೂವರೆ. ಆ ಅರ್ಧ ಮೀನು ಎಲ್ಲಿ ಇಡಬೇಕು ಅಂತ ಮನೇಲಿ ಸ್ವಲ್ಪ ಮಾತಾಯ್ತು. ನಡುವೆ ಇಟ್ಟಿದ್ದು."

ಆಮೇಲೆ ತಾಂಡೇಲರು ದನಿ ತಗ್ಗಿಸಿ, ನನ್ನ ಮರ್ಯಾದೆ ಉಳಿಸುವವರ ಹಾಗೆ ಹೇಳಿದರು, "ಒಂದು ಕಡೆ ಮಾತ್ರ ನಿಮ್ದು ತಪ್ಪಾಗಿತ್ತು. ಬಾವಿಯಿಂದ ಮೂರೂವರೆ ಮೀನು ಅಂತ ಬರ್ದಿದ್ರಿ. ನಮ್ಮ ಬಾವೀಲಿ ಕಪ್ಪೆ ಮಾತ್ರ ಅದೆ. ದಕ್ಕೆಯಿಂದಲೇ ತಂದು ಹಾಕಿದ್ವಿ. ಯಾರಿಗೂ ಹೇಳ್ಲಿಲ್ಲ."

ನಾನು ಮಣ್ಣಿನ ತೇವ ನೋಡುವ ನೆವದಲ್ಲಿ ಬಾವಿಯ ಕಡೆಗೆ ಹೋಗಿ ನಿಂತೆ. ಮನೆಯವರು ಆಗಲೇ ಬಂದು ಇದ್ದರೂ, ಶಾಸ್ತ್ರದ ಮನೆ ಒಕ್ಕಲು ಭಾನುವಾರ ಕಳೆದು ಮುಂದಿನ ಭಾನುವಾರ ಇತ್ತು. ಅದಕ್ಕೆ ಎರಡು ದಿನ ಮೊದಲು ಮಾಲೀಕರು ಬಂದು ತೋಟ ನೋಡುವವರಿದ್ದರು. ಏನೂ ಹೇಳದೆ ಬಿಡಬಹುದಿತ್ತು. ಇನ್ನು ಐದು ವರ್ಷ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಮೇಲೆ ಮೂರು ತೆಂಗಿನ ಗರಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬೇರು ಗೋಡೆಯನ್ನು ನೂಕುತ್ತದೆ, ಒತ್ತೊತ್ತಾಗಿ ನೆಟ್ಟ ಕಣಗಿಲೆ ಅರ್ಧಕ್ಕೇ ಮುಗಿದ ಜಾಗದಿಂದ ಗಾಳಿ ನುಗ್ಗಿ ಉಳಿದದ್ದನ್ನು ಸುಡುತ್ತದೆ. ಸುಳ್ಳೊಂದನ್ನೂ ಯೋಚಿಸಿದೆ: ಗಾಳಿಯ ದಿಕ್ಕು ನೋಡಿ ಜಾಗ ಬದಲಿಸುತ್ತೇವೆ ಎನ್ನುವುದು. ಗಾಳಿಯ ವಿಷಯದಲ್ಲಿ ತಾಂಡೇಲರಿಗೆ ಸುಳ್ಳು ಹೇಳುವುದು ಕಷ್ಟವೆಂದು ಕೂಡಲೇ ಹೊಳೆಯಿತು.

ಅಷ್ಟರಲ್ಲಿ ಹೆಂಡತಿ ಹಿಂದೆಯೇ ಬಂದು, "ಪಕ್ಕದ ಮನೆಯವ್ರು ನಿಮ್ಮ ಕಾಗದ ನೋಡಿ ಬರ್ಕೊಂಡು ಹೋದ್ರು. ಅವ್ರ ಮಲ್ಲಿಗೆಗೂ ಒಂದೂವರೆ ಹಾಕಿದ್ರಂತೆ. ದಕ್ಕೆಯಲ್ಲೆಲ್ಲ ನಿಮ್ದೇ ಮಾತು," ಎಂದರು. ಅಭಿಮಾನದಿಂದ ಹೇಳಿದರು. ಇನ್ನು ತಡಮಾಡಿದರೆ ಕಾರವಾರ ತಾಲೂಕಿನ ಬೆಕ್ಕುಗಳೆಲ್ಲ ನನ್ನ ಲೆಕ್ಕಕ್ಕೆ ಬರುತ್ತವೆ ಎಂದು ಅನ್ನಿಸಿತು.

ಜಗಲಿಗೆ ಹೋಗಿ, ನಕ್ಷೆ ಬಿಡಿಸಿ, ಹೇಳಿದೆ. ಅದು ಮೀನಲ್ಲ, ಮೀಟರ್. ಒಂದು ಗಿಡದಿಂದ ಇನ್ನೊಂದಕ್ಕೆ ಇರಬೇಕಾದ ದೂರ.

ಆ ಮನೆಯಲ್ಲಿ ಒಂಬತ್ತು ಜನರೂ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಆಗ. ತಾಂಡೇಲರು ಕಾಗದವನ್ನು ತೋಳಷ್ಟು ದೂರ ಹಿಡಿದು ಓದಿದರು. "ಹಾಗಾದ್ರೆ ಬಾವಿಯಿಂದ ಮೂರೂವರೆ ಅಂದ್ರೆ?"

"ಬಾವಿಯಿಂದ ದೂರ."

ಹೆಂಡತಿ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವಂತೆ ನಕ್ಕರು. "ಬಾಲ ಒಂದಕ್ಕೆ," ಎಂದು ಹೇಳಲು ಹೋಗಿ ಮತ್ತೆ ನಕ್ಕರು. ತಾಂಡೇಲರು ನಗಲಿಲ್ಲ.

"ನಲ್ವತ್ತು ವರ್ಷ ಚುಕ್ಕಾಣಿ ಹಿಡಿದವ ನಾನು," ಎಂದರು. "ಮಂಜಲ್ಲೂ ದಾರಿ ತಪ್ಪಲಿಲ್ಲ."

"ತಪ್ಪು ನನ್ನದು. ಪೂರ್ತಿ ಬರೆಯಬೇಕಿತ್ತು," ಎಂದೆ.

ಇಲ್ಲ ಇಲ್ಲ, ನಮ್ಮದೂ ತಪ್ಪಿದೆ ಎಂದು ಅವರು ಹೇಳಬಹುದು ಎಂದುಕೊಂಡಿದ್ದೆ. "ಹೌದು, ಬರೀಬೇಕಿತ್ತು," ಎಂದು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು.

ಉಳಿದದ್ದು ಎಂಟು ದಿನ. ನೆಟ್ಟು ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ತೆಂಗಿನ ಸಸಿಗಳನ್ನು ಮಣ್ಣಿನ ಗಡ್ಡೆಯ ಸಮೇತ ಎತ್ತಿ, ಗೋಣಿಚೀಲ ಸುತ್ತಿ ನೆರಳಲ್ಲಿಟ್ಟೆವು. ಹೊಸ ಗುಂಡಿಗಳಿಗೆ ಚಿರೆಕಲ್ಲು ಒಡೆಯಬೇಕಾಗಿತ್ತು. ಇಬ್ಬರು ಆಳುಗಳಿಗೆ ಒಂದು ಗುಂಡಿಗೆ ಒಂದು ದಿನ. ಅಬ್ಬಲಿಗೆಯಲ್ಲಿ ಅರ್ಧ ಬೆಕ್ಕುಗಳು ಕೆದರಿ ಹಾಳಾಗಿದ್ದವು. ಹೂತ ಮೀನನ್ನು ತೆಗೆಯುವುದೋ ಬಿಡುವುದೋ ಎಂದು ಯೋಚಿಸಿದೆ. ತೆಗೆದರೆ ವಾಸನೆ, ಬಿಟ್ಟರೆ ಬೆಕ್ಕು. ತಾಂಡೇಲರು ಹಿತ್ತಲಿನಿಂದ ಹಳೆಯ ಬಲೆಯೊಂದನ್ನು ಎಳೆದು ತಂದು, ಮಡಿಗಳ ಮೇಲೆ ಹಾಸಿ ಅಂಚಿಗೆ ಕಲ್ಲು ಇಟ್ಟರು. ಮರುದಿನ ಮೂರು ಬೆಕ್ಕುಗಳು ಬಲೆಯ ಕಣ್ಣುಗಳಲ್ಲಿ ಕಾಲು ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ಮತ್ತೆ ಬರಲಿಲ್ಲ. ಆ ಉಪಾಯ ನನ್ನ ಪುಸ್ತಕಗಳಲ್ಲಿ ಇರಲಿಲ್ಲ.

ಅಳೆಯುವುದೇ ತೊಂದರೆಯಾಯಿತು. ಉದ್ದನೆಯ ಟೇಪು ಅಂಕೋಲೆಯಲ್ಲಿ ಉಳಿದಿತ್ತು. ನನ್ನ ಚೀಲದಲ್ಲಿದ್ದದ್ದು ಮೂರು ಮೀಟರಿನ ಸಣ್ಣದು. ಏಳು ಮೀಟರನ್ನು ತುಂಡುತುಂಡಾಗಿ ಅಳೆದರೆ ಪ್ರತಿ ಸಲ ಒಂದೊಂದು ಲೆಕ್ಕ ಬರುತ್ತಿತ್ತು. ನೋಡುತ್ತ ಕೂತಿದ್ದ ತಾಂಡೇಲರು ಕೊನೆಗೆ ಎದ್ದು, "ಹಗ್ಗ ಕೊಡಿ. ಎಷ್ಟು ಮಾರು ಬೇಕು?" ಎಂದರು. ಸಮುದ್ರದ ಆಳವನ್ನೂ ಬಲೆಯ ಉದ್ದವನ್ನೂ ಅವರು ಅಳೆಯುವುದು ಮಾರಿನಲ್ಲಿ. ಎರಡೂ ತೋಳು ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು.

ಅವರನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಸಣ್ಣ ಟೇಪಿನಲ್ಲಿ ಅಳೆದೆ. ಒಂದು ಮೀಟರ್ ಎಪ್ಪತ್ತೈದು ಸೆಂಟಿಮೀಟರ್. ನಂಬಲಾಗದೆ ಇನ್ನೊಮ್ಮೆ ಅಳೆದೆ. ನಾಲ್ಕು ಮಾರಿಗೆ ಸರಿಯಾಗಿ ಏಳು ಮೀಟರ್.

"ಹಾಗೇ ನಿಲ್ಲಿ, ವಸ್ತ್ರ ಒಣಗಿಸ್ತೇನೆ," ಎಂದರು ಹೆಂಡತಿ.

ಅವತ್ತಿನಿಂದ ತೋಟದ ಲೆಕ್ಕವೆಲ್ಲ ಮಾರಿಗೆ ಬಂತು. ತೆಂಗು ನಾಲ್ಕು ಮಾರು. ಬಾವಿಯಿಂದ ಎರಡು. ಗೋಡೆಯಿಂದ ಒಂದು ಮಾರು, ಮೇಲೊಂದು ಗೇಣು. ಕಣಗಿಲೆ ಒಂದು ಮಾರೇ ಇರಲಿ ಎಂದು ಒಪ್ಪಿದೆ. ಲಾನು ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ತಾಂಡೇಲರು ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ಆಳುಗಳಿಗೆ ಬೋಟಿನ ಮೇಲೆ ಹೇಳುವ ದನಿಯಲ್ಲೇ ಹೇಳತೊಡಗಿದರು. ಕೆಲಸ ವೇಗ ಹಿಡಿಯಿತು. ನಾನು ಸಾಲು ನೇರವಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವುದು, ಅವರು ಕೋಲು ನೆಡುವುದು. ಮಾತು ಕಡಿಮೆ. ನನಗೆ ಹಿತವಾಗಿತ್ತು.

ಬುಧವಾರ ನರ್ಸರಿಯ ಪಿಕಪ್ಪು ಮಣ್ಣಿನ ಸಮೇತ ಕತ್ತರಿಸಿದ ಹುಲ್ಲಿನ ಹಾಸುಗಳನ್ನೂ ಅಬ್ಬಲಿಗೆ ಸಸಿಗಳನ್ನೂ ತಂದು ಇಳಿಸಿತು. ನಾನು ಹಿಂದುಗಡೆ ಗುಂಡಿಗೆ ಮರಳು ಬೆರೆಸುತ್ತಿದ್ದೆ. ಮಾಲೀಕರಿಗೆ ತೋರಿಸಿ ಎಂದು ತಾಂಡೇಲರು ಡ್ರೈವರ್ ಕೈಗೆ ಒಂದು ಕಾಗದ ಕೊಟ್ಟು ಕಳಿಸಿದರಂತೆ. ಅದು ನನಗೆ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೊನೆಯ ಹುಲ್ಲಿನ ಹಾಸು ಒತ್ತಿ ನೀರು ಹಾಕಿದೆವು. ಹನ್ನೊಂದಕ್ಕೆ ಮಾಲೀಕರು ಬಂದರು. ಹಿಂದೆ ಪಿಕಪ್ಪು. ಅದರ ತುಂಬ ಮಾವಿನ ಕಸಿಗಳು, ಹದಿನಾರು, ಎಲ್ಲ ಅಂಕೋಲೆಯ ಕರಿ ಇಶಾಡ. ನಾನೇ ಕಟ್ಟಿದ ಕಸಿಗಳು.

ಮಾಲೀಕರು ಕಾಗದ ಹಿಡಿದು ನೇರ ನನ್ನ ಹತ್ತಿರ ಬಂದರು. "ತಂಗಿ, ಐದು ಗುಂಟೆ ಜಾಗಕ್ಕೆ ಹದಿನಾರು ಮಾವು. ಇದನ್ನ ಕಲಿಲಿಕ್ಕೆ ಕಾಲೇಜಿಗೆ ಹೋಗಿದ್ದಾ? ಲಾನಿಗೆ ನಾಲ್ಕು ಗುಣಿಸು ಎರಡು, ಎಂಟು. ಹುಲ್ಲಿನ ಮೇಲೆ ಎಂಟು ಮಾವಿನ ಮರ ನಿಂತ್ರೆ ಹುಲ್ಲು ಯಾರಿಗೆ ಕಾಣ್ತದೆ? ಬಾವಿಯಿಂದ ಎರಡು ಮಾವು ಅಂತ ಬೇರೆ ಬರ್ದದೆ. ಬಾವಿಯಿಂದ ಮಾವು ಹೇಗೆ ಬರ್ತದೆ?"

ಕಾಗದ ನೋಡಿದೆ. ಪೆನ್ಸಿಲಿನ ದಪ್ಪ ಅಕ್ಷರದಲ್ಲಿ ನಮ್ಮ ಹೊಸ ಅಳತೆಗಳು. ತೆಂಗು ೪ ಮಾ. ಕಣಗಿಲೆ ೧ ಮಾ. ಗೋಡೆಯಿಂದ ೧ ಮಾ. ಬಾವಿಯಿಂದ ೨ ಮಾ. ಲಾನ್ ೪ ಮಾ. × ೨ ಮಾ. ನಮ್ಮ ನರ್ಸರಿಯಲ್ಲಿ ಪ್ರತಿ ಹಲಗೆಯ ಮೇಲೆ, ಪ್ರತಿ ಚೀಟಿಯ ಮೇಲೆ ಮಾವಿಗೆ ಬರೆಯುವುದು 'ಮಾ.' ಎಂದೇ. ಶೆಡ್ಡಿನಲ್ಲಿ ದಿನಕ್ಕೆ ಐವತ್ತು ಸಲ ನಾನೂ ಬರೆಯುತ್ತೇನೆ.

ಬರೆದದ್ದು ನಾನಲ್ಲ ಎನ್ನುವುದು ಸುಲಭವಿತ್ತು. ಆದರೆ ಮತ್ತೆ ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಮನೆ ಒಕ್ಕಲಿಗೆ ನೆಂಟರು ಆಗಲೇ ಬಂದು ಜಗಲಿ ತುಂಬಿದ್ದರು. ಅವರೆದುರು ತಾಂಡೇಲರ ಹೆಸರು ಎತ್ತಲು ಮನಸ್ಸಾಗಲಿಲ್ಲ. ಕಸಿ ಶೆಡ್ಡಿನ ತಗಡಿನ ಮಾಡು ಕಣ್ಣ ಮುಂದೆ ಬಂತು.

"ಇಲ್ಲಿ ಕೊಡಿ," ಎಂದು ತಾಂಡೇಲರು ಕಾಗದ ತೆಗೆದುಕೊಂಡರು. ತೋಳಷ್ಟು ದೂರ ಹಿಡಿದು ಓದಿದರು. ಪಿಕಪ್ಪಿನ ಕಡೆ ನೋಡಿದರು. ಮತ್ತೊಮ್ಮೆ ಓದಿದರು.

"ಬರ್ದದ್ದು ನಾನು," ಎಂದರು. "ಇದು ಮಾವು ಅಲ್ಲ. ಮಾರು." ಕಾಗದ ಹಿಡಿದುಕೊಂಡೇ, ನೆಂಟರೆಲ್ಲರ ಮುಂದೆ, ಎರಡೂ ತೋಳು ಚಾಚಿ ತೋರಿಸಿದರು.

"ಪೂರ್ತಿ ಬರೀಬೇಕಿತ್ತು," ಎಂದರು ಹೆಂಡತಿ, ಅಡುಗೆಮನೆಯಿಂದ.

"ಹೌದು, ಬರೀಬೇಕಿತ್ತು," ಎಂದರು ತಾಂಡೇಲರು. ಆಮೇಲೆ ಮಾಲೀಕರನ್ನು ಕೂರಿಸಿ, ಬಂಗಡೆಯಿಂದ ಹಿಡಿದು ಎಲ್ಲವನ್ನೂ ತಾವೇ ಹೇಳಿದರು. ಬಾವಿಯ ಮೀನನ್ನೂ ಬಿಡಲಿಲ್ಲ.

ನಮ್ಮ ಮಾಲೀಕರು ನಗುವವರಲ್ಲ. ಕೇಳಿ ಮುಗಿಸಿ, ಎದ್ದು, ತಾವೇ ತಂದಿದ್ದ ಉದ್ದದ ಟೇಪು ಬಿಚ್ಚಿ ತೆಂಗಿನಿಂದ ತೆಂಗಿಗೆ ಹಿಡಿದರು. ಒಂದು ಕಡೆ ಏಳು ಮೀಟರ್. ಇನ್ನೊಂದು ಕಡೆ ಏಳು ಮೀಟರಿಗೆ ಎರಡು ಬೆರಳು ಹೆಚ್ಚು. ಕಣಗಿಲೆಯ ಸಾಲಿನ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಗಾಳಿ ಬರುವ ಕಡೆಗೆ ಕೈ ಚಾಚಿದರು. ಹುಲ್ಲನ್ನು ಚಪ್ಪಲಿ ಕಳಚಿ ತುಳಿದರು.

"ಸೋಮವಾರ ಅಂಕೋಲೆಯಲ್ಲಿ ಒಬ್ಬರ ಹಿತ್ತಲು ಅದೆ," ಎಂದರು ಟೇಪು ಸುತ್ತುತ್ತ. "ಹೋಗಿ ನೋಡ್ಕೊಂಡು ಬಾ. ಶೆಡ್ಡಿಗೆ ಬೇರೆಯವರನ್ನ ಹಾಕ್ತೇನೆ."

ಹದಿನೈದು ಕಸಿಗಳು ಪಿಕಪ್ಪಿನಲ್ಲೇ ಉಳಿದವು. ಒಂದನ್ನು ತಾಂಡೇಲರು ಇಳಿಸಿಕೊಂಡು, ಬಂದದ್ದು ಬಂತು, ಇದು ಇಲ್ಲೇ ಇರಲಿ ಎಂದರು. ಎಲ್ಲಿ ನೆಡುವುದು ಎಂದು ನನ್ನ ಕಡೆ ತಿರುಗಿದರು. ಹಿಂದಿನ ಮೂಲೆ, ಎರಡೂ ಗೋಡೆಯಿಂದ ಮೂರು ಮಾರು ಎಂದು ಲೆಕ್ಕ ಹಾಕಿ, ನಾನು ಚೀಲದಿಂದ ಪೆನ್ಸಿಲು ತೆಗೆದೆ.

ತಾಂಡೇಲರು ಪೆನ್ಸಿಲಿನ ಮೇಲೆ ಕೈ ಇಟ್ಟರು.

"ಬೇಡ ಅಕ್ಕೋರೆ. ಬಾಯಲ್ಲೇ ಹೇಳಿ."

ಹೇಳಿದೆ. ಗಾಳಿಗೆ ಕೇಳಿಸಲಿಲ್ಲ ಎಂದರು. ಮಾಲೀಕರೂ ನೆಂಟರೂ ಒಂಬತ್ತು ಜನರೂ ನೋಡುತ್ತಿದ್ದಂತೆ ಎರಡನೆಯ ಸಲ ಹೇಳಿದೆ. ಅಡುಗೆಮನೆಯಿಂದ "ಮೂರು ಮಾರಾ?" ಎಂದು ದನಿ ಬಂತು. ಮೂರನೆಯ ಸಲ, ದಕ್ಕೆಯಲ್ಲಿ ಬಲೆ ಬಿಚ್ಚುತ್ತಿದ್ದವರು ತಲೆ ಎತ್ತಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ.